ಸಿಟ್ಟೋ, ನಾಚಿಕೆಯೋ: ಹದಿಹರೆಯದವರ ಸ್ವ-ಅರಿವು ಮತ್ತು ಶಿಕ್ಷಕರ ಮಾತು

ಗಣಿತದ ಘಟಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹಂಚಿದ ದಿನ ಒಂಬತ್ತನೇ ತರಗತಿಯ ಹುಡುಗನೊಬ್ಬ ತನ್ನ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ, ಮತ್ತೆ ಎಂಟು ಮಡಿಕೆ ಮಾಡಿ ಅಂಗಿಯ ಕಿಸೆಯೊಳಗೆ ತುರುಕಿಕೊಂಡ. ಎಷ್ಟು ಅಂಕ ಬಂದಿದೆಯೆಂದು ಪಕ್ಕದವನು ಇಣುಕಿದ್ದೇ ತಡ, ಅವನನ್ನು ಜೋರಾಗಿ ನೂಕಿದ. ಕಂಪಾಸ್ ಪೆಟ್ಟಿಗೆ ನೆಲಕ್ಕೆ ಬಿದ್ದು ಕೈವಾರ, ಕೋನಮಾಪಕ, ಪೆನ್ಸಿಲ್ ತುಂಡುಗಳೆಲ್ಲ ಬೆಂಚುಗಳ ಕೆಳಗೆ ಚೆದುರಿದವು. ಜಮಖಂಡಿ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ನಾನು ಆಗ ಎಲ್ಲ ಶಿಕ್ಷಕರೂ ಕೇಳುವ ಪ್ರಶ್ನೆಯನ್ನೇ ಕೇಳಿದೆ: "ಯಾಕ ಅಷ್ಟು ಸಿಟ್ಟು ನಿನಗ?" ಅವನು ತಲೆ ತಗ್ಗಿಸಿದ, ಉತ್ತರ ಬರಲಿಲ್ಲ.

ಸಂಜೆ ಶಾಲೆ ಬಿಟ್ಟ ಮೇಲೆ ನೀರಿನ ತೊಟ್ಟಿಯ ಹತ್ತಿರ ಅವನು ಒಬ್ಬನೇ ಸಿಕ್ಕಾಗ ಪ್ರಶ್ನೆಯನ್ನು ಬದಲಿಸಿ ಕೇಳಿದೆ: "ಅಂವ ಇಣಕಿದಾಗ ಮೈಯಾಗ ಏನಾತು?" ಸ್ವಲ್ಪ ಹೊತ್ತಿನ ಮೇಲೆ, "ಕಿವಿ ಬಿಸಿ ಆದುವ್ರಿ, ಎದಿ ಧಸಕ್ ಅಂತ್ರಿ" ಎಂದ. ಮತ್ತೂ ಸ್ವಲ್ಪ ತಡೆದು, ತನಗೆ ತಾನೇ ಹೇಳಿಕೊಂಡಂತೆ, "ಸಿಟ್ಟ ಅಲ್ರಿ ಸರ, ನಾಚಿಕಿ ಆಗಿತ್ರಿ" ಎಂದ.

ಸ್ವ-ಅರಿವು ಎಂದು ನಾವು ಪುಸ್ತಕದ ಭಾಷೆಯಲ್ಲಿ ಕರೆಯುವುದು ಆ ಒಂದು ವಾಕ್ಯದಲ್ಲಿ ಪೂರ್ತಿಯಾಗಿ ಇತ್ತು. ತನ್ನೊಳಗೆ ನಡೆದದ್ದನ್ನು ಗಮನಿಸುವುದು, ಅದಕ್ಕೆ ಸರಿಯಾದ ಹೆಸರು ಕೊಡುವುದು, ಆ ಹೆಸರಿನಿಂದ ಮುಂದಿನ ನಡೆಯನ್ನು ತಿದ್ದಿಕೊಳ್ಳುವುದು, ಇಷ್ಟೇ ಅದರ ತಿರುಳು. ಸಿಟ್ಟು ಎಂದುಕೊಂಡಿದ್ದರೆ ಅವನು ಕಲಿಯಬೇಕಾದದ್ದು ಕೈಯನ್ನು ಹಿಡಿತದಲ್ಲಿಡುವುದನ್ನು. ನಾಚಿಕೆ ಎಂದು ತಿಳಿದ ಮೇಲೆ ಅವನು ಕೇಳಿಕೊಳ್ಳಬೇಕಾದದ್ದು, ಯಾರ ಮುಂದೆ ನಾಚಿಕೆ, ಯಾತಕ್ಕಾಗಿ ಎಂಬುದನ್ನು. ನಾನೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕಾಯಿತು: ಹೆಚ್ಚು ಅಂಕದವರಿಂದ ಹಿಡಿದು ಕಡಿಮೆ ಅಂಕದವರ ತನಕ ಹೆಸರು ಕೂಗುತ್ತ ಪತ್ರಿಕೆ ಹಂಚುವ ಪದ್ಧತಿ ನನ್ನದೇ ಆಗಿತ್ತಲ್ಲ! ಆ ಪದ್ಧತಿಯನ್ನು ಅಲ್ಲಿಗೇ ಬಿಟ್ಟೆ.

ವಿಶ್ವ ಆರೋಗ್ಯ ಸಂಸ್ಥೆಯು 10ರಿಂದ 19 ವರ್ಷದವರನ್ನು ಹದಿಹರೆಯದವರೆಂದು ಗುರುತಿಸುತ್ತದೆ. 1990ರ ದಶಕದಲ್ಲಿ ಅದು ಶಾಲೆಗಳಿಗಾಗಿ ಹತ್ತು ಜೀವನ ಕೌಶಲ್ಯಗಳನ್ನು ಹೆಸರಿಸಿದಾಗ ಅವುಗಳಲ್ಲಿ ಸ್ವ-ಅರಿವನ್ನೂ ಒಂದಾಗಿ ಸೇರಿಸಿತು. ಪರಾನುಭೂತಿ, ನಿರ್ಧಾರ ಕೈಗೊಳ್ಳುವಿಕೆ, ಭಾವನೆಗಳ ನಿರ್ವಹಣೆ ಮುಂತಾದ ಉಳಿದ ಕೌಶಲ್ಯಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಇದರ ಮೇಲೆಯೇ ನಿಂತಿವೆ ಎಂಬುದು ನನ್ನ ಅಭಿಪ್ರಾಯ. ತನಗೆ ಭಯವಾಗಿದೆಯೆಂಬುದೇ ಗೊತ್ತಾಗದ ಮಗು ಭಯವನ್ನು ನಿಭಾಯಿಸುವುದಾದರೂ ಹೇಗೆ? ಅರಿವು ಎಂಬ ಮಾತು ನಮ್ಮ ಭಾಗಕ್ಕೆ ಹೊಸದೂ ಅಲ್ಲ. ಬಸವನ ಬಾಗೇವಾಡಿ ಮತ್ತು ಕೂಡಲಸಂಗಮಗಳಿರುವ ಈ ನೆಲದಲ್ಲಿ ಅರಿವು ಮತ್ತು ಆಚಾರಗಳನ್ನು ಶರಣರು ಬೇರೆ ಮಾಡದೆ ಒಟ್ಟಿಗೇ ಹೇಳಿದರು. ಶಾಲೆಯಲ್ಲಿಯೂ ಆ ಜೋಡಿಯನ್ನು ಒಡೆಯಬಾರದು, ಏಕೆಂದರೆ ನಡೆಯನ್ನು ಮುಟ್ಟದ ಅರಿವು ಬರಿಯ ಮಾತಾಗಿ ಉಳಿಯುತ್ತದೆ.

ಈ ಅರಿವು ಹದಿಹರೆಯದಲ್ಲಿಯೇ ಏಕೆ ಇಷ್ಟು ಮುಖ್ಯ ಮತ್ತು ಇಷ್ಟು ಕಷ್ಟ ಎಂಬುದಕ್ಕೆ ಕಾರಣಗಳಿವೆ. ಆವೇಗವನ್ನು ತಡೆದು, ಪರಿಣಾಮವನ್ನು ಮುಂದಾಗಿ ಯೋಚಿಸುವ ಕೆಲಸದಲ್ಲಿ ದೊಡ್ಡ ಪಾಲು ಹೊರುವುದು ಮಿದುಳಿನ ಮುಂಭಾಗ. ಆ ಭಾಗ ಪೂರ್ಣವಾಗಿ ಬಲಿಯುವುದು ಇಪ್ಪತ್ತರ ಹರೆಯದ ನಡುಭಾಗದ ಹೊತ್ತಿಗೆ. ಭಾವನೆಗಳ ಬಿರುಸು ಮಾತ್ರ ಅದಕ್ಕಿಂತ ಬಹಳ ಮೊದಲೇ ಏರಿರುತ್ತದೆ. ಇದರ ಜೊತೆಗೆ, ತನ್ನ ಯೋಚನೆಯ ಬಗ್ಗೆಯೇ ಯೋಚಿಸುವ ಶಕ್ತಿ ಈ ವಯಸ್ಸಿನಲ್ಲಿ ಹೊಸದಾಗಿ ಬಲಗೊಳ್ಳುತ್ತದೆ, ಮತ್ತು ಹೊಸದಾಗಿ ಕಣ್ಣು ಬಂದವನಿಗೆ ಬೆಳಕು ಚುಚ್ಚುವಂತೆ ಅದು ಮೊದಮೊದಲು ನೋವನ್ನೇ ಕೊಡುತ್ತದೆ. ಮನೋವಿಜ್ಞಾನಿ ಡೇವಿಡ್ ಎಲ್ಕಿಂಡ್ 1967ರಲ್ಲಿ ಇದರ ಒಂದು ಮುಖವನ್ನು 'ಕಲ್ಪಿತ ಪ್ರೇಕ್ಷಕರು' ಎಂದು ಕರೆದರು: ಎಲ್ಲರೂ ಸದಾ ತನ್ನನ್ನೇ ನೋಡುತ್ತಿದ್ದಾರೆ, ತನ್ನ ಮುಖದ ಮೊಡವೆಯನ್ನೇ, ತನ್ನ ಹರಿದ ಚಪ್ಪಲಿಯನ್ನೇ ಎಣಿಸುತ್ತಿದ್ದಾರೆ ಎಂದು ಹದಿಹರೆಯದವರಿಗೆ ಅನ್ನಿಸುತ್ತಿರುತ್ತದೆ. ಇಲ್ಲಿಯೇ ಒಂದು ಭೇದವನ್ನು ಗುರುತಿಸಬೇಕು. ಮುಜುಗರದಿಂದ ತನ್ನನ್ನು ತಾನು ನೋಡಿಕೊಳ್ಳುವುದು ಬೇರೆ, ಅರಿಯಲೆಂದು ನೋಡಿಕೊಳ್ಳುವುದು ಬೇರೆ. ಮೊದಲನೆಯದು ಹದಿಹರೆಯದವರಲ್ಲಿ ತಾನಾಗಿಯೇ ಬೇಕಾದಷ್ಟು ಇರುತ್ತದೆ, ಎರಡನೆಯದಕ್ಕೆ ಜೊತೆಗಾರರು ಬೇಕು. ಕಲ್ಪಿತ ಪ್ರೇಕ್ಷಕರ ಹಿಂಡಿನ ನಡುವೆ ನಿಂತ ಮಗುವಿಗೆ ಅಂಕಪಟ್ಟಿಯನ್ನು ಗಟ್ಟಿಯಾಗಿ ಓದಿ ಹೇಳುವ ಶಿಕ್ಷಕರು ನಿಜವಾದ ಪ್ರೇಕ್ಷಕರನ್ನೂ ಕರೆತಂದು ಕೂರಿಸಿದಂತಾಗುತ್ತದೆ.

ನಮ್ಮ ಶಾಲೆಗಳಲ್ಲಿ ಮಕ್ಕಳು ತಮ್ಮ ಬಗ್ಗೆ ಮೊದಲು ತಿಳಿಯುವುದು ಮೂರು ನಾಲ್ಕು ಪದಗಳ ಮೂಲಕ. ಇವನು ಶಾಣ್ಯಾ, ಅಂದರೆ ಜಾಣ, ಅವನು ದಡ್ಡ, ಹಿಂದಿನ ಬೆಂಚಿನವನು ಉಡಾಳ, ಇವಳು ಭಾಳ ಸೂಕ್ಷ್ಮ. ಬೆಳಗಾವಿಯಿಂದ ವಿಜಯಪುರದ ತನಕ ಯಾವ ಶಾಲೆಗೆ ಹೋದರೂ ಈ ಪದಗಳು ಕಿವಿಗೆ ಬೀಳುತ್ತವೆ, ಬಹಳ ಸಲ ಪ್ರೀತಿಯಿಂದಲೇ ಹೇಳಿದ್ದಾಗಿರುತ್ತವೆ. ಆದರೆ ಇವು ಮಗುವಿನ ನಡೆಯನ್ನು ಹೇಳುವುದಿಲ್ಲ, ಮಗುವನ್ನೇ ಹೇಳಿ ಮುಗಿಸಿಬಿಡುತ್ತವೆ. ಉಡಾಳ ಎನ್ನಿಸಿಕೊಂಡ ಹುಡುಗನಿಗೆ ತನ್ನ ಬಗ್ಗೆ ಹೊಸದಾಗಿ ತಿಳಿಯುವುದು ಏನೂ ಉಳಿಯುವುದಿಲ್ಲ, ಆ ಹೆಸರಿಗೆ ತಕ್ಕಂತೆ ಬದುಕುವುದು ಮಾತ್ರ ಉಳಿಯುತ್ತದೆ. ಶಾಣ್ಯಾ ಎಂಬ ಹೊಗಳಿಕೆಯೂ ನಿರಪಾಯಕಾರಿಯಲ್ಲ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬುದ್ಧಿವಂತಿಕೆಗಾಗಿ ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು ಮುಂದೆ ಕಠಿಣ ಸಮಸ್ಯೆಗಳಲ್ಲಿ ಸೋತಾಗ, ಪ್ರಯತ್ನಕ್ಕಾಗಿ ಹೊಗಳಿಸಿಕೊಂಡವರಿಗಿಂತ ಮುಂದುವರಿಸುವ ಮನಸ್ಸನ್ನು ಕಡಿಮೆ ತೋರಿದರು, ಕೆಲಸದಲ್ಲಿ ಅವರಿಗೆ ಸಿಕ್ಕ ಖುಷಿಯೂ ಕಡಿಮೆಯಾಯಿತು. ಶಾಣ್ಯಾತನವೇ ತನ್ನ ಗುರುತಾದಾಗ ಒಂದು ತಪ್ಪು ಲೆಕ್ಕವೂ ಆ ಗುರುತನ್ನೇ ಅಲುಗಾಡಿಸುತ್ತದೆ.

ಹಾಗಾದರೆ ಶಿಕ್ಷಕರು ಏನು ಹೇಳಬೇಕು? ಕಂಡದ್ದನ್ನು ಹೇಳಬೇಕು, ತೀರ್ಪನ್ನಲ್ಲ. "ನೀ ಭಾಳ ಗಡಿಬಿಡಿ ಹುಡುಗ" ಎಂಬುದು ತೀರ್ಪು. "ಮೊದಲಿನ ಮೂರು ಲೆಕ್ಕದಾಗ ಹೆಜ್ಜಿ ಎಲ್ಲಾ ಬರದಿ, ನಾಲ್ಕನೇದರಿಂದ ಹೆಜ್ಜಿ ಬಿಟ್ಟು ಉತ್ತರ ಅಷ್ಟ ಬರದಿ, ಆಗ ಏನಾಗಿತ್ತು?" ಎಂಬುದು ಕಂಡದ್ದು. ಎರಡನೆಯ ಮಾತಿನಲ್ಲಿ ಮಗುವಿಗೆ ಒಂದು ಕನ್ನಡಿ ಸಿಗುತ್ತದೆ, ಆ ಕನ್ನಡಿಯಲ್ಲಿ ಏನು ಕಾಣುತ್ತದೆಂದು ಹೇಳುವ ಹಕ್ಕು ಮಗುವಿನ ಬಳಿಯೇ ಉಳಿಯುತ್ತದೆ. ಹೀಗೆ ಕೇಳಿದಾಗ ಒಬ್ಬ ಹುಡುಗಿ, ನಾಲ್ಕನೆಯ ಲೆಕ್ಕದ ಹೊತ್ತಿಗೆ ಮುಂದಿನ ಬೆಂಚಿನವಳು ಹೆಚ್ಚುವರಿ ಹಾಳೆ ಕೇಳಿದ್ದನ್ನು ನೋಡಿ ತಾನು ಹಿಂದೆ ಬಿದ್ದೆನೆಂದು ಅಂಜಿದ್ದಾಗಿ ಹೇಳಿದಳು. ಅವಳ ತೊಂದರೆ ಬೀಜಗಣಿತದಲ್ಲಿ ಇರಲಿಲ್ಲ, ಅದನ್ನು ನಾನಾಗಿ ಎಂದಿಗೂ ಕಂಡುಹಿಡಿಯುತ್ತಿರಲಿಲ್ಲ.

'ಯಾಕ' ಎಂಬ ಪ್ರಶ್ನೆಯ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಶಾಲೆಯಲ್ಲಿ 'ಯಾಕ ತಡಾ ಮಾಡಿದಿ', 'ಯಾಕ ಬರದಿಲ್ಲ' ಎಂದು ಕೇಳುವಾಗ ನಾವು ಉತ್ತರವನ್ನು ನಿರೀಕ್ಷಿಸುವುದೇ ಇಲ್ಲ, ಅದು ಬೈಗುಳದ ಇನ್ನೊಂದು ರೂಪ, ಮತ್ತು ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು. ಆದ್ದರಿಂದ ಅವರು ಕಾರಣವನ್ನು ಹುಡುಕುವುದಿಲ್ಲ, ನೆವವನ್ನು ಹುಡುಕುತ್ತಾರೆ. 'ಏನಾಯಿತು', 'ಆಗ ಮನಸ್ಸಿನಲ್ಲಿ ಏನು ಬಂತು', 'ಅದಕ್ಕೂ ಮೊದಲು ಏನು ನಡೆದಿತ್ತು' ಎಂದು ಕೇಳಿದಾಗ ಅದೇ ಮಗು ನೆನಪಿಗೆ ಕೈಹಾಕುತ್ತದೆ. ಇಷ್ಟು ಚಿಕ್ಕ ಬದಲಾವಣೆಯಿಂದ ಇಷ್ಟು ದೊಡ್ಡ ವ್ಯತ್ಯಾಸವಾಗುವುದನ್ನು ನಾನು ಬೇರೆ ಯಾವ ವಿಧಾನದಲ್ಲಿಯೂ ಕಂಡಿಲ್ಲ.

ಹೆಸರಿಡುವ ಕೆಲಸಕ್ಕೆ ಪದಗಳು ಬೇಕು. ಎಂಟು, ಒಂಬತ್ತನೇ ತರಗತಿಯ ಮಕ್ಕಳನ್ನು ಕೇಳಿದರೆ ಖುಷಿ, ಸಿಟ್ಟು, ಬ್ಯಾಸರ, ಟೆನ್ಷನ್ ಎಂಬ ನಾಲ್ಕು ಪದಗಳಲ್ಲಿಯೇ ಇಡೀ ಒಳಲೋಕವನ್ನು ಮುಗಿಸುತ್ತಾರೆ. ಆದರೆ ಅವರ ಮನೆಯ ಮಾತಿನಲ್ಲಿ ಎಂಥ ಸಂಪತ್ತು ಇದೆ! ಅಂಜಿಕೆ, ತಳಮಳ, ಕಸಿವಿಸಿ, ಹಳಹಳಿ, ಹೊಟ್ಟೆಕಿಚ್ಚು, ಸಂಕಟ, ಕಿರಿಕಿರಿ, ಮನಸ್ಸಿಗೆ ಹತ್ತುವುದು, ಜೀವ ಚುರ್ ಎನ್ನುವುದು. ಅಜ್ಜಿಯರ ಬಾಯಲ್ಲಿರುವ ಈ ಪದಗಳನ್ನು ತರಗತಿಗೆ ತರಲು ಹೇಳಿ, ಒಂದೊಂದು ಪದವನ್ನು ಒಂದೊಂದು ನಿಜ ಪ್ರಸಂಗಕ್ಕೆ ಜೋಡಿಸಿ ಬರೆಯಲು ಹೇಳಿದರೆ ಕನ್ನಡದ ಅವಧಿಯೇ ಸ್ವ-ಅರಿವಿನ ಅವಧಿಯಾಗುತ್ತದೆ. ತಳಮಳ ಮುಂದೆ ಆಗಲಿರುವುದರ ಬಗ್ಗೆ, ಹಳಹಳಿ ಹಿಂದೆ ಆಗಿಹೋದದ್ದರ ಬಗ್ಗೆ ಎಂದು ಎಂಟನೇ ತರಗತಿಯ ಹುಡುಗಿಯೊಬ್ಬಳು ತಾನಾಗಿ ವಿಂಗಡಿಸಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಹೀಗೆ ಹೆಸರಿಡುವುದರಿಂದ ಆಗುವ ಪರಿಣಾಮವನ್ನು ಮಿದುಳಿನ ಚಿತ್ರಣದಲ್ಲಿಯೂ ನೋಡಿದ್ದಾರೆ. ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರ 2007ರ ಪ್ರಯೋಗದಲ್ಲಿ, ಚಿತ್ರದಲ್ಲಿನ ಮುಖದ ಭಾವವನ್ನು ಪದದಿಂದ ಗುರುತಿಸಿದಾಗ, ಭಯ ಮುಂತಾದ ಭಾವನೆಗಳಿಗೆ ಸ್ಪಂದಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿತು. ಮಕ್ಕಳು ಮನೆಯ ಕನ್ನಡದಲ್ಲಿ ಬರೆದಾಗ ಅದನ್ನು ಗ್ರಾಂಥಿಕಕ್ಕೆ ತಿದ್ದುವ ಮೋಹವನ್ನು ಶಿಕ್ಷಕರು ಈ ಒಂದು ಬರವಣಿಗೆಯಲ್ಲಾದರೂ ಬಿಡಬೇಕೆಂದು ನಾನು ಬೇಡಿಕೊಳ್ಳುತ್ತೇನೆ. 'ಎದಿ ಧಸಕ್ ಅಂತು' ಎಂಬುದನ್ನು 'ನನಗೆ ಆತಂಕವಾಯಿತು' ಎಂದು ತಿದ್ದಿದರೆ ವ್ಯಾಕರಣ ಉಳಿಯಬಹುದು, ಮಗುವಿನ ಅನುಭವ ಅಲ್ಲಿ ಉಳಿಯುವುದಿಲ್ಲ.

ಬರವಣಿಗೆಯ ಮಾತು ಬಂದದ್ದರಿಂದ ನನ್ನ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ದಿನಕ್ಕೆ ಐದು ಸಾಲು ಬರೆಯುವ ನೋಟ್‌ಬುಕ್ಕನ್ನು ಆರಂಭಿಸಿದ ಮೊದಲ ವರ್ಷ, ಹುಡುಗನೊಬ್ಬ ತುಂಬಾ ಚೆನ್ನಾಗಿ ಬರೆದಿದ್ದನೆಂಬ ಸಂತೋಷದಲ್ಲಿ ಅವನ ಒಂದು ಪುಟವನ್ನು ತರಗತಿಯಲ್ಲಿ ಓದಿಬಿಟ್ಟೆ. ಕಬ್ಬಿನ ಹಂಗಾಮಿನಲ್ಲಿ ಅಪ್ಪ ಅವ್ವ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋದಾಗ ತಾನು ತಂಗಿಯರಿಗೆ ರೊಟ್ಟಿ ಬಡಿಯುವುದನ್ನು ಅವನು ಬರೆದಿದ್ದ. ಹೊಗಳಿಕೆಯೆಂದೇ ನಾನು ಓದಿದ್ದೆ. ಮರುದಿನದಿಂದ ಅವನ ನೋಟ್‌ಬುಕ್ಕಿನಲ್ಲಿ 'ಬೆಳಿಗ್ಗೆ ಎದ್ದೆ, ಶಾಲೆಗೆ ಬಂದೆ, ಊಟ ಮಾಡಿದೆ' ಎಂಬ ಸಾಲುಗಳಷ್ಟೇ ಇದ್ದವು, ವರ್ಷ ಮುಗಿಯುವ ತನಕ ಅಷ್ಟೇ ಇದ್ದವು. ನಾನು ಕ್ಷಮೆ ಕೇಳಿದೆ, ಅವನು "ಇರ್ಲಿ ಬಿಡ್ರಿ ಸರ" ಎಂದ, ಆದರೆ ಮುಚ್ಚಿದ ಬಾಗಿಲು ತೆರೆಯಲಿಲ್ಲ. ಆಮೇಲೆ ಕ್ರಮವನ್ನು ಬದಲಿಸಿದೆ: ಶಿಕ್ಷಕರು ಓದಬಹುದಾದ ಪುಟಗಳನ್ನು ಮಕ್ಕಳೇ ತೆರೆದಿಡುತ್ತಾರೆ, ಉಳಿದವನ್ನು ಒಳಕ್ಕೆ ಮಡಚುತ್ತಾರೆ. ಮಡಚಿದ ಪುಟವನ್ನು ಯಾರೂ ಬಿಡಿಸುವುದಿಲ್ಲ. ಈ ಬರವಣಿಗೆಗೆ ಅಂಕವಿಲ್ಲ, ಕೆಂಪು ಶಾಯಿಯಿಲ್ಲ, ಪೋಷಕರ ಸಭೆಯಲ್ಲಿ ಪ್ರಸ್ತಾಪವೂ ಇಲ್ಲ.

ತನ್ನ ಸಾಮರ್ಥ್ಯವನ್ನು ಅಳೆದುಕೊಳ್ಳುವುದನ್ನು ಕಲಿಸಲು ಪರೀಕ್ಷೆಗಿಂತ ಒಳ್ಳೆಯ ಅವಕಾಶ ಇನ್ನೊಂದಿಲ್ಲ, ಆದರೂ ನಾವು ಅದನ್ನು ಬಳಸುವುದು ಬಹಳ ಕಡಿಮೆ. ಮನೋವಿಜ್ಞಾನಿ ಜಾನ್ ಫ್ಲಾವೆಲ್ 1970ರ ದಶಕದಲ್ಲಿ ಅಧ್ಯಯನಕ್ಕೆ ತಂದ 'ಕಲಿಕೆಯ ಬಗೆಗಿನ ತಿಳಿವಳಿಕೆ'ಯನ್ನು ತರಗತಿಗೆ ತರಲು ನಾನು ಮಾಡುತ್ತಿದ್ದುದು ಇಷ್ಟೇ: ಉತ್ತರಪತ್ರಿಕೆಯನ್ನು ನನಗೆ ಒಪ್ಪಿಸುವ ಮೊದಲು ಹಾಳೆಯ ಮೂಲೆಯಲ್ಲಿ ತನಗೆ ಎಷ್ಟು ಅಂಕ ಬರಬಹುದೆಂದು, ಯಾವ ಪ್ರಶ್ನೆ ಖಾತ್ರಿ, ಯಾವುದು ಅನುಮಾನ ಎಂದು ಪ್ರತಿಯೊಬ್ಬರೂ ಬರೆಯಬೇಕು. ತಿದ್ದಿದ ಪತ್ರಿಕೆ ಕೈಗೆ ಬಂದಾಗ ಅವರು ನೋಡಬೇಕಾದದ್ದು ಪಕ್ಕದವರ ಅಂಕವನ್ನಲ್ಲ, ತಮ್ಮ ಅಂದಾಜಿಗೂ ಬಂದ ಅಂಕಕ್ಕೂ ನಡುವಿನ ಅಂತರವನ್ನು. ಇಪ್ಪತ್ತಕ್ಕೆ ಹದಿನಾರು ಬರುತ್ತದೆಂದು ಬರೆದು ಏಳು ಪಡೆದವನು 'ತಿಳಿದಿದೆ' ಮತ್ತು 'ನೋಡಿ ಗೊತ್ತಿದೆ' ಎಂಬುವುಗಳ ಭೇದವನ್ನು ಕಂಡುಕೊಳ್ಳುತ್ತಾನೆ. ಆರು ಎಂದು ಬರೆದು ಹದಿಮೂರು ಪಡೆದವಳಿಗೆ ತನ್ನ ಅಂಜಿಕೆ ತನಗೆ ಸುಳ್ಳು ಹೇಳುತ್ತಿದೆಯೆಂದು ತಿಳಿಯುತ್ತದೆ. ನಾಲ್ಕೈದು ಪರೀಕ್ಷೆಗಳಾಗುವ ಹೊತ್ತಿಗೆ ಬಹಳಷ್ಟು ಮಕ್ಕಳಲ್ಲಿ ಈ ಅಂತರ ತಾನಾಗಿಯೇ ಕಿರಿದಾಗುತ್ತಿತ್ತು, ಅಂಕದ ಏರಿಕೆಗಿಂತ ಅದು ನನಗೆ ಹೆಚ್ಚು ಸಂತೋಷ ಕೊಡುತ್ತಿತ್ತು.

ನಮಗೆ ಕಾಣದ ನಮ್ಮ ಭಾಗವನ್ನು ಬೇರೆಯವರು ಕಾಣುತ್ತಾರೆ ಎಂಬುದನ್ನು 1955ರಲ್ಲಿ ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ನಾಲ್ಕು ಗಾಜಿನ ಕಿಟಕಿಯಂತೆ ಚಿತ್ರಿಸಿದರು. ಇಬ್ಬರ ಹೆಸರನ್ನೂ ಕೂಡಿಸಿ ಅದನ್ನು ಜೋಹರಿ ಕಿಟಕಿ ಎನ್ನುತ್ತಾರೆ. ತರಬೇತಿಗಳಲ್ಲಿ ಇದನ್ನು ಉತ್ಸಾಹದಿಂದ ಆಡಿಸುತ್ತಾರೆ, ಆದರೆ ಹದಿಹರೆಯದವರ ತರಗತಿಯಲ್ಲಿ ಇದನ್ನು ಬಹಳ ಜಾಗ್ರತೆಯಿಂದ ಬಳಸಬೇಕು. 'ಗೆಳೆಯನ ದೋಷ ಬರೆಯಿರಿ' ಎಂದರೆ ಜಾತಿ, ಮೈಬಣ್ಣ, ಮನೆಯ ಸ್ಥಿತಿ ಎಲ್ಲವೂ ಚೀಟಿಯಲ್ಲಿ ಬಂದು ಬೀಳುತ್ತವೆ. 'ಈ ವಾರ ಅವನು ಮಾಡಿದ್ದನ್ನು ನೀನು ಕಣ್ಣಾರೆ ನೋಡಿದ ಒಂದು ಒಳ್ಳೆಯ ಕೆಲಸ ಬರೆ' ಎಂದಷ್ಟೇ ಕೇಳಿದರೆ ಸಾಕು.

ಇನ್ನು ಮಿತಿಗಳ ಮಾತು. ಮಗುವಿನ ಎಲ್ಲ ತೊಂದರೆಯೂ ಒಳಗಿನಿಂದ ಬಂದದ್ದಲ್ಲ. ರಬಕವಿ-ಬನಹಟ್ಟಿಯ ನೇಕಾರರ ಮನೆಯ ಹುಡುಗ ರಾತ್ರಿ ನೂಲಿನ ಕಂಡಿಕೆ ಸುತ್ತಿ ಬೆಳಿಗ್ಗೆ ತೂಕಡಿಸಿದರೆ ಅವನಿಗೆ ಬೇಕಾದದ್ದು ನಿದ್ದೆ, ಆತ್ಮಾವಲೋಕನವಲ್ಲ. ಬಡತನದ, ಹೊರೆಯ, ಅನ್ಯಾಯದ ಫಲವನ್ನು ತನ್ನದೇ ಕೊರತೆಯೆಂದು ಮಗು ತಿಳಿದುಕೊಂಡರೆ ಅದು ಅರಿವಲ್ಲ, ತಪ್ಪು ತಿಳಿವಳಿಕೆ, ಮತ್ತು ಅದನ್ನು ಬಿಡಿಸಿ ಹೇಳುವುದು ಶಿಕ್ಷಕರ ಹೊಣೆ. ಹಾಗೆಯೇ, ಮನಸ್ಸು ತೆರೆದ ಮಗು ಕೆಲವೊಮ್ಮೆ ನಾವು ನಿರೀಕ್ಷಿಸದ ಭಾರವನ್ನು ನಮ್ಮ ಮುಂದಿಡುತ್ತದೆ. ಆದ್ದರಿಂದ 'ಯಾರಿಗೂ ಹೇಳುವುದಿಲ್ಲ' ಎಂಬ ಭಾಷೆಯನ್ನು ಎಂದೂ ಕೊಡಬಾರದು. 'ನಿನಗೆ ಅಪಾಯವಿದೆ ಅನ್ನಿಸಿದರೆ ಸಹಾಯ ಮಾಡಬಲ್ಲವರಿಗೆ ಹೇಳುತ್ತೇನೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ' ಎಂದು ವರ್ಷದ ಮೊದಲ ವಾರವೇ ಹೇಳಿಬಿಡಬೇಕು. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಬಾಲ್ಯವಿವಾಹದ ಸುಳಿವು ಸಿಕ್ಕಾಗ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಬದುಕೇ ಬೇಡವೆನ್ನುವ ಮಾತು, ತಿಂಗಳುಗಟ್ಟಲೆ ಮೌನ, ನಿದ್ದೆ ಊಟ ತಪ್ಪುವುದು ಇವುಗಳನ್ನು ಕಂಡಾಗ ಶಿಕ್ಷಕರು ತಾವೇ ಆಪ್ತಸಮಾಲೋಚಕರಾಗಲು ಹೊರಡದೆ, ಮಗುವನ್ನು ಒಂಟಿಯಾಗಿ ಬಿಡದೆ ಮನೆಯವರನ್ನು ಸೇರಿಸಿಕೊಂಡು ವೈದ್ಯರ ಬಳಿ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ರಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

ಹತ್ತನೇ ತರಗತಿಯ ಕೊನೆಯ ತಿಂಗಳುಗಳಲ್ಲಿ ಈ ಎಲ್ಲ ಅಭ್ಯಾಸವೂ ಒಂದು ದೊಡ್ಡ ಪ್ರಶ್ನೆಯ ಮುಂದೆ ಬಂದು ನಿಲ್ಲುತ್ತದೆ: ಮುಂದೇನು? ಮನೋವಿಜ್ಞಾನಿ ಎರಿಕ್ ಎರಿಕ್ಸನ್ ಹದಿಹರೆಯದ ಮುಖ್ಯ ಕೆಲಸವೇ ತನ್ನ ಗುರುತನ್ನು ಕಟ್ಟಿಕೊಳ್ಳುವುದು ಎಂದರು. ಜೇಮ್ಸ್ ಮಾರ್ಸಿಯಾ 1966ರಲ್ಲಿ ಅದನ್ನು ಮುಂದುವರಿಸಿ, ಹುಡುಕಾಟವನ್ನೇ ಮಾಡದೆ ಹಿರಿಯರು ಕೊಟ್ಟ ಗುರುತನ್ನು ಒಪ್ಪಿಕೊಂಡುಬಿಡುವ ಸ್ಥಿತಿಯನ್ನೂ ಒಂದು ಬಗೆಯೆಂದು ಗುರುತಿಸಿದರು. ನಮ್ಮಲ್ಲಿ ಇದು ನಿತ್ಯದ ನೋಟ. ಅಂಕ ಹೆಚ್ಚಿದ್ದರೆ ವಿಜ್ಞಾನ, ನಡುವೆ ಇದ್ದರೆ ವಾಣಿಜ್ಯ, ಕಡಿಮೆಯಾದರೆ ಕಲೆ ಅಥವಾ ಐಟಿಐ, ಹುಡುಗಿಯಾದರೆ ಊರಿಗೆ ಹತ್ತಿರದ ಕಾಲೇಜು, ಇಲ್ಲವೇ ಮದುವೆ. 'ಏನಾಗಬೇಕೆಂದಿದ್ದೀ' ಎಂಬ ಪ್ರಶ್ನೆಗೆ ಡಾಕ್ಟರ್, ಪೊಲೀಸ್, ಟೀಚರ್ ಎಂಬ ಸಿದ್ಧ ಉತ್ತರಗಳೇ ಬರುತ್ತವೆ. ಅದಕ್ಕೆ ಬದಲಾಗಿ ಜನವರಿ ತಿಂಗಳಲ್ಲಿ ನಾನು ಕೇಳುತ್ತಿದ್ದುದು, ಈ ವರ್ಷ ಹೊತ್ತು ಹೋದದ್ದೇ ಗೊತ್ತಾಗದಂತೆ ಮಾಡಿದ ಮೂರು ಕೆಲಸಗಳನ್ನು ಬರೆಯಿರಿ ಎಂದು.

ಗುಳೇದಗುಡ್ಡದ ಕಡೆಯಿಂದ ಬಂದು ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದ, ಓದಿನಲ್ಲಿ ಹಿಂದೆ ಎಂದು ಎಲ್ಲರೂ ಅಂದುಕೊಂಡಿದ್ದ ಹುಡುಗಿಯೊಬ್ಬಳು ಎರಡು ಕೆಲಸಗಳನ್ನು ಬರೆದು ಮೂರನೆಯದನ್ನು ಬರೆದು ಹೊಡೆದುಹಾಕಿದ್ದಳು. ಕೇಳಿದಾಗ, "ಅದು ಸಾಲಿ ಅಭ್ಯಾಸ ಅಲ್ಲರಿ, ಅದಕ್ಕ ಹೊಡದೇನ್ರಿ" ಎಂದಳು. ಹೊಡೆದುಹಾಕಿದ ಸಾಲಿನಲ್ಲಿ ಇದ್ದದ್ದು, ಅಜ್ಜಿಯ ಸ್ವಸಹಾಯ ಸಂಘದ ವಾರದ ಲೆಕ್ಕದ ಪುಸ್ತಕವನ್ನು ಬರೆಯುವ ಕೆಲಸ: ಹನ್ನೆರಡು ಮಂದಿ ಹೆಂಗಸರ ಉಳಿತಾಯ, ಸಾಲ, ಬಡ್ಡಿ. ಒಮ್ಮೆ ಲೆಕ್ಕ ಹತ್ತು ರೂಪಾಯಿ ತಪ್ಪಿದ್ದನ್ನು ಹುಡುಕುತ್ತ ರಾತ್ರಿ ಹನ್ನೊಂದರ ತನಕ ಕುಳಿತಿದ್ದಳಂತೆ. ಆಗ ಹೇಗೆ ಅನ್ನಿಸಿತು ಎಂದು ಕೇಳಿದೆ. ಅವಳು ಬಹಳ ಹೊತ್ತು ಯೋಚಿಸಿ, "ತ್ರಾಸ ಅನಸ್ಲಿಲ್ರಿ ಸರ. ಸಿಗೋತನ ಬಿಡಬಾರ್ದು ಅನಿಸ್ತರಿ" ಎಂದಳು. ಹಾಳೆಯನ್ನು ಹಿಂದಕ್ಕೆ ಕೊಟ್ಟೆ. ಅವಳು ಹೊಡೆದುಹಾಕಿದ್ದ ಸಾಲಿನ ಕೆಳಗೆ ಅದನ್ನೇ ಮತ್ತೊಮ್ಮೆ ದುಂಡಗಿನ ಅಕ್ಷರದಲ್ಲಿ ಬರೆದಳು.